"ಯಾರ ಕಡೆಯೋರು ನೀವು?" ಅಂತ ಕೇಳುವವರಿಗೆ

ಗುಬ್ಬಿಯಲ್ಲಿ ಟೀ ಅಂಗಡಿ ಮುಂದೆ ಬೈಕ್ ನಿಲ್ಲಿಸಿದರೆ ಸಾಕು, ಬೆಂಚಿನ ಮೇಲೆ ಕೂತ ಯಜಮಾನರು ಕೇಳುತ್ತಾರೆ: "ಪೇಪರ್‌ನೋರೇನಪ್ಪ? ಯಾರ ಕಡೆಯೋರು?" ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಇಳಿದರೂ ಅದೇ ಪ್ರಶ್ನೆ. ಮೊದಲೆಲ್ಲ "ಯಾವ ಪೇಪರು?" ಅಂತ ಕೇಳುತ್ತಿದ್ದರು. ಈಗ ಪೇಪರಿನ ಹೆಸರು ಯಾರಿಗೂ ಬೇಕಿಲ್ಲ. ಯಾರ ಕಡೆ ಅಂತ ಗೊತ್ತಾದರೆ ಸಾಕು, ನಾವು ನಾಳೆ ಏನು ಬರೆಯುತ್ತೇವೆ ಅನ್ನೋದನ್ನ ಅವರೇ ಇವತ್ತು ಹೇಳಿಬಿಡುತ್ತಾರೆ.

ಬಹಳ ದಿನ ಈ ಪ್ರಶ್ನೆಗೆ ನಮಗೆ ಕೋಪ ಬರುತ್ತಿತ್ತು. ಡಿಪ್ಲೊಮಾ ಓದಿದ್ದೇವೆ, ಬಿಸಿಲಲ್ಲಿ ಅಲೆಯುತ್ತೇವೆ, ನಮ್ಮನ್ನೇ ಹೀಗಂತಾರಲ್ಲ ಅಂತ. ಈಗ ಕೋಪ ಇಲ್ಲ. ಪ್ರಶ್ನೆ ಸರಿಯಾಗಿಯೇ ಇದೆ. ನೆಟ್ಟಗೆ ಉತ್ತರ ಕೊಡದೇ ಇರುವವರು ನಾವು.

ಹೇಮಾವತಿ ಲಿಂಕ್ ಕೆನಾಲ್ ವಿಚಾರವನ್ನೇ ತೆಗೆದುಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಈಚಿನ ವರ್ಷಗಳಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಇಲ್ಲ. ಗೊರೂರು ಜಲಾಶಯದ ನೀರು ಬಾಗೂರು ನವಿಲೆ ಸುರಂಗ ದಾಟಿ ತುಮಕೂರು ಶಾಖಾ ನಾಲೆಗೆ ಬರುತ್ತದೆ. ತಿಪಟೂರು, ತುರುವೇಕೆರೆ, ಗುಬ್ಬಿ, ತುಮಕೂರು ಕಡೆ ಹರಿದು ಕೊನೆಗೆ ಕುಣಿಗಲ್. ನಾಲೆಯ ಕೊನೆಯಲ್ಲಿರುವ ಊರಿನ ಕಷ್ಟ ಏನು ಅಂತ ಕೆರೆ ಅಚ್ಚುಕಟ್ಟಿನ ಕೊನೇ ಗದ್ದೆಯವರನ್ನು ಕೇಳಿ, ಹೇಳುತ್ತಾರೆ. ಕಾಗದದ ಮೇಲೆ ಪಾಲಿರುತ್ತದೆ, ಕಾಲುವೆಯಲ್ಲಿ ನೀರಿರುವುದಿಲ್ಲ.

ಅದಕ್ಕೆ ಪರಿಹಾರ ಅಂತ ಬಂದದ್ದು ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್. ಗುಬ್ಬಿ ತಾಲ್ಲೂಕಿನಲ್ಲೇ ನಾಲೆಯಿಂದ ನೀರು ತೆಗೆದು, ದೊಡ್ಡ ಪೈಪಿನಲ್ಲಿ ನೇರ ಕುಣಿಗಲ್ ಕಡೆಗೆ, ಅಲ್ಲಿಂದ ಮಾಗಡಿಗೆ ಒಯ್ಯುವ ಯೋಜನೆ. ಸಮ್ಮಿಶ್ರ ಸರ್ಕಾರದ ಕಾಲದಲ್ಲಿ ಶುರುವಾಯಿತು, ಬಿಜೆಪಿ ಸರ್ಕಾರ ಬಂದಾಗ ನಿಂತಿತು, 2023ರಲ್ಲಿ ಕಾಂಗ್ರೆಸ್ ಬಂದ ಮೇಲೆ ಮತ್ತೆ ಎದ್ದಿತು. ಖರ್ಚು ಸುಮಾರು ಸಾವಿರ ಕೋಟಿ. ಜಲಸಂಪನ್ಮೂಲ ಖಾತೆ ಆಗ ಡಿ.ಕೆ. ಶಿವಕುಮಾರ್ ಅವರ ಕೈಯಲ್ಲಿತ್ತು. "ನಮ್ಮ ನೀರನ್ನ ಮಾಗಡಿಗೆ ಹೊಡೀತಾರೆ" ಅಂತ ಗುಬ್ಬಿ, ತುಮಕೂರು ಕಡೆಯವರು ಎದ್ದರು. "ನಮ್ಮ ಪಾಲನ್ನ ನಾವು ತಗೊಂಡ್ರೆ ಇವರಿಗೇನು?" ಅಂತ ಕುಣಿಗಲ್ ಕಡೆಯವರು ಎದ್ದರು. 2025ರ ಮೇ 31ರಂದು ಗುಬ್ಬಿ ತಾಲ್ಲೂಕಿನ ಸುಂಕಾಪುರದ ಕಾಮಗಾರಿ ಜಾಗಕ್ಕೆ ನಿಷೇಧಾಜ್ಞೆ ಇದ್ದರೂ ರೈತರು ನುಗ್ಗಿದರು. ವಿರೋಧ ಪಕ್ಷದ ಶಾಸಕರಿದ್ದರು, ಸ್ವಾಮೀಜಿಗಳಿದ್ದರು, ಪೊಲೀಸರಿದ್ದರು. ನಾವೂ ಅದನ್ನು ಬರೆದೆವು.

ಏನು ಬರೆದೆವು? ಮೊನ್ನೆ ಕೂತು ನಮ್ಮದೇ ಹಳೇ ಸುದ್ದಿಗಳನ್ನು ಮೊಬೈಲಿನಲ್ಲಿ ತೆಗೆದು ಓದಿದೆವು. ಹೆಚ್ಚುಕಮ್ಮಿ ಎಲ್ಲವೂ ಒಂದೇ ಥರ ಮುಗಿಯುತ್ತವೆ: ಹೇಳಿದರು. ಆಗ್ರಹಿಸಿದರು. ಎಚ್ಚರಿಸಿದರು. ತಿರುಗೇಟು ನೀಡಿದರು. ಒಬ್ಬ ಶಾಸಕರು ಪ್ರೆಸ್‌ಮೀಟ್ ಮಾಡಿದ್ದಕ್ಕೆ ಒಂದು ಸುದ್ದಿ, ಅದಕ್ಕೆ ಇನ್ನೊಬ್ಬ ಶಾಸಕರು ಕೊಟ್ಟ ಉತ್ತರಕ್ಕೆ ಇನ್ನೊಂದು. ಗುಬ್ಬಿ ಕಡೆ ಬರೆದವರದು ಗುಬ್ಬಿಯವರ ಮಾತು, ಕುಣಿಗಲ್ ಕಡೆ ಬರೆದವರದು ಕುಣಿಗಲ್‌ನವರ ಮಾತು. ಎರಡನ್ನೂ ಒಟ್ಟಿಗೆ ಹಾಕಿದ ದಿನ ನಮಗೆ ಹೆಮ್ಮೆ. ನಾವು ನಿಷ್ಪಕ್ಷಪಾತ ಅಂತ ಬೆನ್ನು ತಟ್ಟಿಕೊಂಡೆವು.

ಅದು ನಿಷ್ಪಕ್ಷಪಾತ ಅಲ್ಲ, ಸೋಮಾರಿತನ. ಒಬ್ಬರು "ನಾಲೆಯಲ್ಲಿ ಕೆಳಗಿನವರಿಗೆ ನೀರು ಉಳಿಯಲ್ಲ" ಅಂತಾರೆ. ಇನ್ನೊಬ್ಬರು "ನಮ್ಮ ಪಾಲಿಗಿಂತ ಒಂದು ಹನಿ ಜಾಸ್ತಿ ಬರಲ್ಲ" ಅಂತಾರೆ. ಇದು ಅಭಿಪ್ರಾಯದ ವಿಷಯ ಅಲ್ಲವಲ್ಲ. ಅಳೆದು ನೋಡಬಹುದಾದ ವಿಷಯ. ಯಾವ ವರ್ಷ ಯಾವ ತಾಲ್ಲೂಕಿಗೆ ಎಷ್ಟು ಹಂಚಿಕೆ ಇತ್ತು, ಎಷ್ಟು ದಿನ ನೀರು ಬಿಟ್ಟರು, ಯಾವ ಗೇಟಿನಲ್ಲಿ ಎಷ್ಟು ಕ್ಯೂಸೆಕ್ ಹೋಯಿತು, ಮಧ್ಯದಲ್ಲಿ ಎಷ್ಟು ಸೋರಿಹೋಯಿತು, ಮಾಗಡಿಗೆ ಎಷ್ಟು ಅಂತ ಆದೇಶದಲ್ಲಿದೆ, ಪೈಪ್ ಎಷ್ಟು ಅಗಲ, ಅದರಲ್ಲಿ ಎಷ್ಟು ಹೋಗಬಲ್ಲದು. ಇಷ್ಟನ್ನು ಒಂದು ಪುಟದಲ್ಲಿ ಅಚ್ಚು ಮಾಡಿ ಗುಬ್ಬಿಯ ಟೀ ಅಂಗಡಿಯಲ್ಲೂ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲೂ ಒಂದೇ ದಿನ ಕೊಟ್ಟಿದ್ದರೆ ಜಗಳ ನಿಲ್ಲುತ್ತಿತ್ತು ಅಂತ ನಾವು ಹೇಳಲ್ಲ. ಜಗಳ ಆದರೂ ಲೆಕ್ಕದ ಮೇಲೆ ಆಗುತ್ತಿತ್ತು. ನಮ್ಮ ಸುದ್ದಿಗಳಲ್ಲಿ ಆ ಪುಟ ಇಲ್ಲ. ಕಾವೇರಿ ನೀರಾವರಿ ನಿಗಮದ ಕಚೇರಿಗೆ ಹೋಗಿ ಕೇಳುವುದಕ್ಕಿಂತ ಪ್ರೆಸ್‌ಮೀಟಿಗೆ ಹೋಗಿ ಉಪ್ಪಿಟ್ಟು ತಿಂದು ಬರುವುದು ಸುಲಭವಾಗಿತ್ತು.

ಯಾಕೆ ಹೀಗಾಯಿತು? "ಮಾಧ್ಯಮ ಎಲ್ಲ ಮಾರಿಕೊಂಡಿದೆ" ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸುವವರಿದ್ದಾರೆ. ಹೇಗೆ ಮಾರಾಟ ಆಗುತ್ತದೆ ಅನ್ನೋದನ್ನ ಒಳಗಿದ್ದವರು ಹೇಳಬೇಕು. ಹೇಳುತ್ತೇವೆ ಕೇಳಿ.

ತಾಲ್ಲೂಕಿನಲ್ಲಿ, ಹೋಬಳಿಯಲ್ಲಿ ಸುದ್ದಿ ಬರೆಯುವ ನಮ್ಮಂಥವರ ಪೈಕಿ ಬಹುಪಾಲು ಜನರ ಕೈಯಲ್ಲಿ ನೇಮಕಾತಿ ಪತ್ರ ಇಲ್ಲ. ಕಾರ್ಯನಿರತ ಪತ್ರಕರ್ತರಿಗೆ ಅಂತ 1955ರಲ್ಲೇ ಕಾನೂನು ಬಂತು, ವೇತನ ಮಂಡಳಿಗಳು ಬಂದವು. ಅವುಗಳ ಬಿಸಿ ಬೆಂಗಳೂರಿನ ಡೆಸ್ಕ್ ದಾಟಿ ಹೊಸಹಳ್ಳಿಗೆ ಬರಲಿಲ್ಲ. ಕೊಡುವ ಗೌರವಧನ ಪೆಟ್ರೋಲಿಗೂ ಸಾಲದು. ಹಾಗಾದರೆ ಬದುಕುವುದು ಹೇಗೆ? ಜಾಹೀರಾತಿನ ಕಮಿಷನ್‌ನಿಂದ. ಜನವರಿ 26, ಯುಗಾದಿ, ಆಗಸ್ಟ್ 15, ದೀಪಾವಳಿ, ನವೆಂಬರ್ 1, ನಾಯಕರ ಹುಟ್ಟುಹಬ್ಬ, ಊರ ಜಾತ್ರೆ. ಪ್ರತಿ ಸಲಕ್ಕೂ ಆಫೀಸಿನಿಂದ ಟಾರ್ಗೆಟ್ ಬರುತ್ತದೆ. ಆ ಟಾರ್ಗೆಟ್ ಹಿಡಿದು ನಾವು ಯಾರ ಮನೆ ಬಾಗಿಲಿಗೆ ಹೋಗುತ್ತೇವೆ? ಶಾಸಕರ ಮನೆಗೆ, ಮಾಜಿ ಶಾಸಕರ ಮನೆಗೆ, ಕಂಟ್ರಾಕ್ಟರ್ ಹತ್ತಿರ, ಸೊಸೈಟಿ ಅಧ್ಯಕ್ಷರ ಹತ್ತಿರ, ಖಾಸಗಿ ಸ್ಕೂಲಿನವರ ಹತ್ತಿರ, ಗ್ರಾಮ ಪಂಚಾಯ್ತಿಗೆ. ಯಾರ ಮೇಲೆ ಸುದ್ದಿ ಬರೆಯಬೇಕೋ ಅವರ ಮುಂದೆಯೇ ಕೈಚಾಚಿ ನಿಲ್ಲುತ್ತೇವೆ.

ನಮ್ಮಲ್ಲೇ ಆದ ಒಂದು ಪ್ರಸಂಗ. ಒಂದು ಹಳ್ಳಿಯಲ್ಲಿ ಸಿಮೆಂಟ್ ಚರಂಡಿ ಕಟ್ಟಿದ ಮೂರೇ ತಿಂಗಳಿಗೆ ಮೊದಲ ಮಳೆಗೆ ಕುಸಿಯಿತು. ಆ ಊರಿನ ಒಬ್ಬ ಹುಡುಗ ಫೋನ್ ಮಾಡಿದ, ಹೋದೆವು. ಮಂಡಿಯವರೆಗೆ ಕೊಚ್ಚೆಯಲ್ಲಿ ಇಳಿದು, ಒಡೆದ ಸಿಮೆಂಟನ್ನು ಕೈಯಲ್ಲೇ ಪುಡಿ ಮಾಡಿ ತೋರಿಸಿದ. ಫೋಟೊ ತೆಗೆದೆವು, ಬಿಲ್ ಎಷ್ಟಾಗಿದೆ ಅಂತ ಪಂಚಾಯ್ತಿಯಲ್ಲಿ ಕೇಳಿ ಬರೆದು ಕಳಿಸಿದೆವು. ಆಫೀಸಿನಿಂದ ಫೋನ್ ಬಂತು: "ಅವರದು ಯುಗಾದಿಗೆ ಜಾಹೀರಾತಿದೆ ಕಣಯ್ಯ, ಸ್ವಲ್ಪ ತಡಿ." ತಡೆದೆವು. ಯುಗಾದಿ ಮುಗಿಯಿತು, ಜಾಹೀರಾತು ಬಂತು, ಸುದ್ದಿ ಬರಲಿಲ್ಲ. ನಾವೂ ಮತ್ತೆ ಕೇಳಲಿಲ್ಲ, ಆ ಜಾಹೀರಾತಿನ ಕಮಿಷನ್ ನಮಗೂ ಬಂದಿತ್ತು. ಆ ಹುಡುಗ ಈಗಲೂ ಸಂತೆಯಲ್ಲಿ ಸಿಗುತ್ತಾನೆ. ಸುದ್ದಿ ಏನಾಯಿತಣ್ಣ ಅಂತ ಒಂದು ದಿನವೂ ಕೇಳಿಲ್ಲ. "ಟೀ ಕುಡೀತೀರಾ ಅಣ್ಣ?" ಅಂತಾನೆ, ಅಷ್ಟೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬೆಂಗಳೂರಿನಲ್ಲಿ ಕೂತವರು ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಸೆಮಿನಾರ್ ಮಾಡುತ್ತಾರೆ. 2025ರ ಜಾಗತಿಕ ಪಟ್ಟಿಯಲ್ಲಿ 180 ದೇಶಗಳಲ್ಲಿ ಭಾರತ 151ನೇ ಸ್ಥಾನ ಅಂತ ಲೆಕ್ಕ ಹೇಳುತ್ತಾರೆ. ಅದೂ ಚಿಂತೆಯ ವಿಷಯವೇ. ಪತ್ರಕರ್ತರ ಮೇಲೆ ಕೇಸು ಹಾಕುವುದು, ಹೊಡೆಯುವುದು, ಕೊಲ್ಲುವುದು ನಮ್ಮ ರಾಜ್ಯದಲ್ಲೂ ಆಗಿದೆ. ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರಂದು ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ತಾಲ್ಲೂಕು ಮಟ್ಟದಲ್ಲಿ ಮಾತ್ರ ಸುದ್ದಿ ಸಾಯಲು ಗುಂಡು ಬೇಕಾಗಿಲ್ಲ, ಪೊಲೀಸರೂ ಬೇಕಾಗಿಲ್ಲ. ಯುಗಾದಿ ಜಾಹೀರಾತು ಸಾಕು.

ಇಲ್ಲಿ ಒಬ್ಬರು ಕೇಳಬಹುದು: ಪತ್ರಿಕೆ ಅಂದ ಮೇಲೆ ಒಂದು ಕಡೆ ಇರಬಾರದೇ? ಖಂಡಿತ ಇರಬಹುದು. ಕನ್ನಡದ ಒಳ್ಳೆಯ ಪತ್ರಿಕೆಗಳು ಎಷ್ಟೋ ಸಲ ಒಂದು ಕಡೆ ನಿಂತೇ ಬರೆದಿವೆ. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ತಂದಾಗ, ಜನ ತಾತಯ್ಯ ಅಂತ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ತಲೆಬಾಗಿ ನಡೆಸುವುದಕ್ಕಿಂತ ತಮ್ಮ ಪತ್ರಿಕೆಗಳನ್ನು ನಿಲ್ಲಿಸುವುದೇ ಮೇಲು ಅಂದುಕೊಂಡರು. ಲಂಕೇಶರು 1980ರಲ್ಲಿ ಶುರು ಮಾಡಿದ ವಾರಪತ್ರಿಕೆ ಜಾಹೀರಾತನ್ನೇ ತೆಗೆದುಕೊಳ್ಳದೆ, ಓದುಗರು ಕೊಟ್ಟ ಕಾಸಿನಲ್ಲೇ ನಡೆಯಿತು. ಲಂಕೇಶರು ಯಾರನ್ನು ಬೈಯುತ್ತಾರೆ, ಯಾಕೆ ಬೈಯುತ್ತಾರೆ ಅನ್ನೋದು ಓದುವವರಿಗೆ ಗೊತ್ತಿತ್ತು. ಒಪ್ಪದವರೂ ಕೊಂಡು ಓದುತ್ತಿದ್ದರು. ಕಣ್ಣಿಗೆ ಕಾಣುವ ಪಕ್ಷಪಾತವನ್ನು ಓದುಗ ತಕ್ಕಡಿಯಲ್ಲಿ ತೂಗಿ ಕಳೆದುಕೊಳ್ಳಬಲ್ಲ. ತಟ್ಟೆಯ ಕೆಳಗೆ ಅಂಟಿಸಿದ ಹುಣಸೆಹಣ್ಣನ್ನು ಅವನು ಹೇಗೆ ಕಳೆಯಬೇಕು?

ಆ ಹುಣಸೆಹಣ್ಣಿಗೆ ದೇಶದಲ್ಲೆಲ್ಲ ಒಂದು ಹೆಸರಿದೆ: ಪೇಯ್ಡ್ ನ್ಯೂಸ್, ಕಾಸಿಗೆ ಸುದ್ದಿ. 2009ರ ಚುನಾವಣೆಗಳಲ್ಲಿ ಅಭ್ಯರ್ಥಿಗಳಿಂದ ದುಡ್ಡು ತೆಗೆದುಕೊಂಡು ಜಾಹೀರಾತನ್ನೇ ಸುದ್ದಿಯಂತೆ ಅಚ್ಚು ಮಾಡಿದ್ದು ದೊಡ್ಡ ಸುದ್ದಿಯಾಯಿತು. ಪ್ರೆಸ್ ಕೌನ್ಸಿಲ್ ಇಬ್ಬರ ಉಪಸಮಿತಿ ಮಾಡಿತು. ಅವರು ಪತ್ರಿಕೆಗಳ ಹೆಸರು ಹಿಡಿದು ಉದ್ದನೆಯ ವರದಿ ಕೊಟ್ಟರು. 2010ರಲ್ಲಿ ಕೌನ್ಸಿಲ್ ಆ ವರದಿಯನ್ನು ಒಳಗಿಟ್ಟು, ಚಿಕ್ಕದೊಂದನ್ನು ಹೊರಗೆ ಬಿಟ್ಟಿತು. ಪೂರ್ತಿ ವರದಿ ಜನರಿಗೆ ಸಿಗಲು ಮಾಹಿತಿ ಹಕ್ಕಿನಡಿ ಕೇಂದ್ರ ಮಾಹಿತಿ ಆಯೋಗ ಆದೇಶ ಮಾಡಬೇಕಾಯಿತು. ಎಲ್ಲರ ಗುಟ್ಟನ್ನೂ ಬಯಲು ಮಾಡುತ್ತೇವೆ ಅನ್ನುವ ಪತ್ರಿಕೆಗಳ ಗುಟ್ಟು ಬಯಲಾದದ್ದು ಹೀಗೆ. 2011ರಲ್ಲಿ ಇಂಥ ಸುದ್ದಿಯ ಖರ್ಚನ್ನು ಲೆಕ್ಕದಲ್ಲಿ ತೋರಿಸಲಿಲ್ಲ ಅಂತ ಉತ್ತರಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಚುನಾವಣಾ ಆಯೋಗ ಅನರ್ಹಗೊಳಿಸಿತು. ದುಡ್ಡು ಕೊಟ್ಟವರ ಕುರ್ಚಿ ಹೋಯಿತು. ತೆಗೆದುಕೊಂಡವರ ಮುದ್ರಣ ಯಂತ್ರ ಮರುದಿನವೂ ಓಡುತ್ತಿತ್ತು.

ಟೀವಿಯದು ಇನ್ನೂ ಒಂದು ಕೈ ಮೇಲು. 2020ರ ಏಪ್ರಿಲ್ ನೆನಪಿದೆಯೇ? ಲಾಕ್‌ಡೌನ್. ದಿಲ್ಲಿಯ ತಬ್ಲೀಗ್ ಸಭೆಯನ್ನು ಹಿಡಿದುಕೊಂಡು ಒಂದಿಡೀ ಸಮುದಾಯವೇ ಬೇಕೆಂದು ಕೊರೊನಾ ಹರಡುತ್ತಿದೆ ಅನ್ನುವಂತೆ ದಿನವಿಡೀ ಕಿರುಚಿದರು. ಅದನ್ನು ನೋಡಿ ರಾಜ್ಯದ ಹಲವು ಕಡೆ ಹಣ್ಣು, ತರಕಾರಿ ಮಾರುವವರ ಹೆಸರು ಕೇಳಿ ಊರಿಂದ ವಾಪಸ್ ಕಳಿಸಿದರು. ಬೆಂಗಳೂರಿನ ಕೆಲವರು ಕೂತು ಆ ಕಾರ್ಯಕ್ರಮಗಳನ್ನು ಒಂದೊಂದಾಗಿ ಬರೆದಿಟ್ಟು ದೂರು ಕೊಟ್ಟರು. ಸುದ್ದಿ ವಾಹಿನಿಗಳೇ ಮಾಡಿಕೊಂಡ ಪ್ರಾಧಿಕಾರ 2021ರ ಜೂನ್‌ನಲ್ಲಿ ನ್ಯೂಸ್ 18 ಕನ್ನಡಕ್ಕೆ ಒಂದು ಲಕ್ಷ, ಸುವರ್ಣ ನ್ಯೂಸ್‌ಗೆ ಐವತ್ತು ಸಾವಿರ ದಂಡ ಹಾಕಿತು. ಹದಿನಾಲ್ಕು ತಿಂಗಳಾಗಿತ್ತು. ಸುಳ್ಳು ನಿಮ್ಮ ಮನೆಯ ಪಡಸಾಲೆಗೆ ಒಂದು ಗಂಟೆಯಲ್ಲಿ ಬಂತು. ತಪ್ಪಾಯಿತು ಅನ್ನುವ ಮಾತು ನಿಮ್ಮಲ್ಲಿ ಎಷ್ಟು ಜನರಿಗೆ ಇವತ್ತಿಗೂ ತಲುಪಿದೆ?

ಇಷ್ಟು ಓದಿ "ಅದಕ್ಕೇ ನಾವು ಪೇಪರ್ ಓದೋದು ಬಿಟ್ಟಿದ್ದು" ಅಂತ ನೀವಂದರೆ ಒಂದು ನಿಮಿಷ ತಡೆಯಿರಿ. ನಮ್ಮನ್ನು ಬೈದದ್ದಾಯಿತು, ಈಗ ನಿಮ್ಮ ಸರದಿ.

ಪೇಪರ್ ಬಿಟ್ಟು ನೀವು ಹೋಗಿದ್ದು ಎಲ್ಲಿಗೆ? ವಾಟ್ಸಾಪ್ ಗ್ರೂಪಿಗೆ. ಆ ಗ್ರೂಪ್ ಮಾಡಿದವರು ಯಾರು? ಶಾಸಕರ ಹುಡುಗರು, ಮಾಜಿ ಶಾಸಕರ ಹುಡುಗರು. ಅಲ್ಲಿ ಬರುವ ವಿಡಿಯೊ ಯಾವ ಊರಿನದು, ಯಾವ ವರ್ಷದ್ದು ಅಂತ ಕೇಳುವವರಿಲ್ಲ. ಕೇಳಿದರೆ ಗ್ರೂಪಿನಿಂದ ಹೊರಗೆ. ನಮ್ಮ ಸುದ್ದಿ ತಪ್ಪಾದರೆ ನೀವು ಬಂದು ನಮ್ಮ ಕಾಲರ್ ಹಿಡಿಯಬಹುದು. ಫಾರ್ವರ್ಡ್ ಮಾಡಿದವನ ಕಾಲರ್ ಎಲ್ಲಿದೆ? "ಮಾಧ್ಯಮದವರನ್ನ ನಂಬಬೇಡಿ" ಅಂತ ವೇದಿಕೆಯಲ್ಲಿ ಗಟ್ಟಿಯಾಗಿ ಹೇಳುವ ನಾಯಕರನ್ನು ಗಮನಿಸಿ. ಯಾವ ಪಕ್ಷದವರೇ ಆಗಲಿ, ಅವರಿಗೆ ಬೇಕಾಗಿರುವುದು ಒಳ್ಳೆಯ ಪತ್ರಿಕೆ ಅಲ್ಲ. ಯಾರನ್ನೂ ನಂಬದ ಜನ ಬೇಕು. ಯಾರನ್ನೂ ನಂಬದವನು ಕೊನೆಗೆ ತನ್ನ ಜಾತಿಯವನನ್ನೋ, ತನ್ನ ಪಕ್ಷದವನನ್ನೋ ಕಣ್ಣುಮುಚ್ಚಿ ನಂಬುತ್ತಾನೆ. ಹೇಮಾವತಿಯ ವಿಷಯದಲ್ಲಿ ಆದದ್ದೂ ಇದೇ. ಲೆಕ್ಕ ಕೇಳಬೇಕಾದ ಎರಡು ತಾಲ್ಲೂಕಿನ ರೈತರು ಒಬ್ಬರನ್ನೊಬ್ಬರು ಕಳ್ಳರು ಅಂದುಕೊಂಡರು. ಲೆಕ್ಕ ಕೊಡಬೇಕಾದವರು ತಣ್ಣಗೆ ಕೂತಿದ್ದರು.

ಇನ್ನೊಂದು ಮಾತು. ಪತ್ರಿಕಾ ಸ್ವಾತಂತ್ರ್ಯ ಪತ್ರಕರ್ತರ ಆಸ್ತಿ ಅಂತ ಬಹಳ ಜನ ತಿಳಿದಿದ್ದಾರೆ, ನಮ್ಮವರೂ ಬೈಕಿನ ಮೇಲೆ "ಪ್ರೆಸ್" ಅಂತ ಬರೆಸಿಕೊಂಡು ಹಾಗೇ ಓಡಾಡುತ್ತಾರೆ. ನಮ್ಮ ಸಂವಿಧಾನದಲ್ಲಿ ಪತ್ರಿಕೆಗೆ ಅಂತ ಬೇರೆ ಹಕ್ಕು ಬರೆದಿಲ್ಲ. 19ನೇ ವಿಧಿಯಲ್ಲಿ ಪ್ರತಿಯೊಬ್ಬ ಪ್ರಜೆಗೆ ಕೊಟ್ಟಿರುವ ಮಾತಿನ ಹಕ್ಕೇ ಪತ್ರಿಕೆಯ ಹಕ್ಕು. 1950ರಲ್ಲೇ ರೊಮೇಶ್ ಥಾಪರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾತಿನ ಸ್ವಾತಂತ್ರ್ಯದೊಳಗೆ ಅದನ್ನು ಹಂಚುವ ಸ್ವಾತಂತ್ರ್ಯವೂ ಸೇರಿದೆ ಅಂತ ಹೇಳಿತು. ಅಂದರೆ ನಮ್ಮ ಕೈಯಲ್ಲಿರುವುದು ನಿಮ್ಮದೇ ಹಕ್ಕು, ನಾವು ಅದನ್ನು ಉಳುವ ಗೇಣಿದಾರರು ಅಷ್ಟೆ. ಹೊಲ ಬೀಡು ಬಿದ್ದರೆ ಕೇಳಬೇಕಾದವರು ನೀವು.

ಹೇಗೆ ಕೇಳೋದು? ಸುದ್ದಿ ತಪ್ಪಾಗಿದ್ದರೆ ಮೊದಲು ಸಂಪಾದಕರಿಗೆ ಬರೆಯಿರಿ. ಅವರು ಸರಿಪಡಿಸದಿದ್ದರೆ, ದಿನಪತ್ರಿಕೆಯಾದರೆ ಸುದ್ದಿ ಬಂದ ಎರಡು ತಿಂಗಳೊಳಗೆ ದಿಲ್ಲಿಯ ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಬಹುದು. ಅದಕ್ಕೆ ದಂಡ ಹಾಕುವ ಅಧಿಕಾರ ಇಲ್ಲ, ಛೀಮಾರಿ ಹಾಕಬಹುದು ಅಷ್ಟೆ. ಆದರೂ ಉತ್ತರ ಕೊಡಬೇಕಾಗಿ ಬಂದರೆ ಆಫೀಸಿನವರಿಗೆ ಕುರ್ಚಿ ಬಿಸಿಯಾಗುತ್ತದೆ, ನಮಗೆ ಗೊತ್ತು. ಟೀವಿಯಾದರೆ ಏಳು ದಿನದೊಳಗೆ ಆ ವಾಹಿನಿಗೇ ಬರೆಯಬೇಕು. ಚುನಾವಣೆ ಹೊತ್ತಿನಲ್ಲಿ ಕಾಸಿಗೆ ಸುದ್ದಿ ಕಂಡರೆ ಪ್ರತಿ ಜಿಲ್ಲೆಯಲ್ಲೂ ಅದನ್ನು ನೋಡಲು ಒಂದು ಸಮಿತಿ ಇರುತ್ತದೆ. ತುಮಕೂರಿನ ಜಿಲ್ಲಾ ಚುನಾವಣಾಧಿಕಾರಿ ಕಚೇರಿಗೆ ಪೇಪರಿನ ತುಂಡು ಅಂಟಿಸಿ ಕೊಡಿ. ನೀರಿನ ಲೆಕ್ಕ ಬೇಕಾದರೆ ನಮಗಾಗಿ ಕಾಯಬೇಡಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ನೂರೈವತ್ತು ಪದದೊಳಗೆ, ಒಂದೇ ವಿಷಯ ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು.

ನಾವೇನು ಮಾಡುತ್ತೇವೆ? ದೊಡ್ಡ ಮಾತು ಬೇಡ, ಮಾಡಬಹುದಾದ್ದನ್ನು ಹೇಳುತ್ತೇವೆ. ಇಲ್ಲಿ ಬರೆಯುವಾಗ ನಮಗೆ ಯಾರಿಂದಾದರೂ ಜಾಹೀರಾತಿನ ಕಮಿಷನ್ ಬಂದಿದ್ದರೆ, ಅವರ ಮೇಲೆ ಬರೆದ ಸುದ್ದಿಯ ಕೆಳಗೆ ಅದನ್ನು ಹೇಳುತ್ತೇವೆ. ತಪ್ಪು ಬರೆದರೆ ಆ ಸುದ್ದಿಯ ತಲೆಯ ಮೇಲೇ ತಿದ್ದುಪಡಿ ಹಾಕುತ್ತೇವೆ, ಸದ್ದಿಲ್ಲದೆ ಅಳಿಸಿಹಾಕುವುದಿಲ್ಲ. ಆಫೀಸಿನಲ್ಲಿ ತಡೆದ ಸುದ್ದಿಯನ್ನು ದಾಖಲೆ ಸಮೇತ ಇಲ್ಲಿ ಹಾಕುತ್ತೇವೆ. ಮೊದಲು ಆ ಚರಂಡಿಯದು. ಆಮೇಲೆ ಹೇಮಾವತಿಯದು: ಗುಬ್ಬಿಯವರೊಬ್ಬರು, ಕುಣಿಗಲ್‌ನವರೊಬ್ಬರು ಸೇರಿ ಒಂದೇ ಅರ್ಜಿ ಬರೆದಿದ್ದೇವೆ. ತಾಲ್ಲೂಕುವಾರು ಹಂಚಿಕೆ ಎಷ್ಟು, ಹರಿದದ್ದು ಎಷ್ಟು, ಅಷ್ಟೇ ಕೇಳಿದ್ದೇವೆ. ಉತ್ತರ ಯಾರ ವಾದಕ್ಕೆ ಅನುಕೂಲವಾದರೂ ಬಂದ ಹಾಗೇ ಹಾಕುತ್ತೇವೆ. ಉತ್ತರ ಕೊಡದೇ ಇದ್ದರೆ ಕೊಡಲಿಲ್ಲ ಅನ್ನುವುದನ್ನೇ ಹಾಕುತ್ತೇವೆ.

ಇದರಿಂದ ನಮ್ಮಲ್ಲಿ ಒಬ್ಬಿಬ್ಬರ ಕೆಲಸ ಹೋದರೂ ಹೋಗಬಹುದು. ಯುಗಾದಿಗೆ ಜಾಹೀರಾತು ಸಿಗದೇ ಹೋಗಬಹುದು. ಮನೆಯಲ್ಲಿ ಬೈಸಿಕೊಳ್ಳುತ್ತೇವೆ. ಆದರೂ ಸಂತೆಯಲ್ಲಿ ಆ ಹುಡುಗ ಸಿಕ್ಕಾಗ ಟೀ ನಾವು ಕೊಡಿಸಬಹುದು.

ಯಜಮಾನರೇ, ನಿಮ್ಮ ಪ್ರಶ್ನೆಗೆ ಉತ್ತರ ಇದು. ಇಲ್ಲಿಯವರೆಗೆ ನಾವು ಯಾರು ಜಾಹೀರಾತು ಕೊಟ್ಟರೋ ಅವರ ಕಡೆ ಇದ್ದೆವು, ಇಲ್ಲ ಅಂತ ಸುಳ್ಳು ಹೇಳುತ್ತಿದ್ದೆವು. ಮುಂದೆ ಯಾರ ಕಡೆ ಅನ್ನೋದನ್ನ ನಮ್ಮ ಮಾತು ಕೇಳಿ ನಂಬಬೇಡಿ. ಬರೆದದ್ದನ್ನು ಓದಿ, ಲೆಕ್ಕ ನೋಡಿ, ಆಮೇಲೆ ನೀವೇ ಹೇಳಿ.